ಬ್ರೇಕ್ ಒತ್ತಿದರೆ ಇಂಡಿಕೇಟರ್ ಉರಿಯುತ್ತಿದ್ದ ನಮ್ಮ ಜೀಪು

ಚಾರ್ಮಾಡಿ ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ಟೀ ಕುಡಿಯಲು ಜೀಪು ನಿಲ್ಲಿಸಿದ್ದೆ. ಘಾಟಿ ಉದ್ದಕ್ಕೂ ನನ್ನ ಹಿಂದೆಯೇ ಬಂದ ಮೀನಿನ ಟೆಂಪೋದವರೂ ನಿಲ್ಲಿಸಿದರು. ಇಳಿದವರೇ ನೇರ ನನ್ನ ಹತ್ತಿರ ಬಂದರು. "ನೀವು ಬ್ರೇಕ್ ಒತ್ತಿದ್ರೆ ಎಡಗಡೆ ಇಂಡಿಕೇಟರ್ ಮಂದ ಉರೀತದೆ ಮಾರಾಯ್ರೇ. ನಿಲ್ಲಿಸ್ತೀರೋ ತಿರುಗ್ತೀರೋ, ಈ ಮಂಜಲ್ಲಿ ಗೊತ್ತಾಗೋದು ಹೇಗೆ?" ಎಂದರು. ಎದೆ ಧಸಕ್ ಎಂದಿತು. ಹಿಂದಿನ ಸೀಟಲ್ಲಿ ಮಕ್ಕಳಿಬ್ಬರು ನಿದ್ದೆ ಮಾಡುತ್ತಿದ್ದರು.

ನಮ್ಮದು ಮಹೀಂದ್ರ ಎಂಎಂ 540. ಮೂಡಿಗೆರೆ ಕಡೆಯ ಮಳೆಯನ್ನು ಮೂವತ್ತು ವರ್ಷ ಕಂಡಿದೆ. ಗೊಬ್ಬರ, ಕಾಫಿ ಮೂಟೆ, ಮನೆ ಮಂದಿ ಎಲ್ಲ ಅದರಲ್ಲೇ ಓಡಾಡೋದು. ಹಿಂದಿನ ಲೈಟು ಕೆಟ್ಟಾಗಲೆಲ್ಲ ಬಲ್ಬು ಬದಲಿಸುತ್ತಿದ್ದೆವು, ಒಂದೆರಡು ತಿಂಗಳಿಗೆ ಮತ್ತೆ ಅದೇ ಕತೆ. ಈ ಸಲ ನಾನೇ ಕೂತು ಪೂರ್ತಿ ನೋಡೋಣ ಅಂತ ತೀರ್ಮಾನ ಮಾಡಿದೆ.

ಮೊದಲ ಭಾನುವಾರ ಬಿಚ್ಚುವುದರಲ್ಲೇ ಹೋಯಿತು. ಲೆನ್ಸಿನ ಸ್ಕ್ರೂಗಳು ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿದ್ದಕ್ಕೆ ಮುರಿಯದೆ ಬಂದವು. ಒಳಗೆ ಬಲ್ಬಿನ ಹೋಲ್ಡರ್ ತುಂಬಾ ಹಸಿರು ಕಿಲುಬು. ವೈರು ಸ್ವಲ್ಪ ಸುಲಿದು ನೋಡಿದರೆ ತಾಮ್ರ ಕಪ್ಪಾಗಿತ್ತು. ಇನ್ನಷ್ಟು ಸುಲಿದೆ, ಅಲ್ಲೂ ಕಪ್ಪು. ಹೋಲ್ಡರಿನಿಂದ ಒಂದು ಗೇಣು ದೂರದವರೆಗೂ ನೀರು ಒಳಗೇ ಏರಿತ್ತು.

ಆದರೆ ಅಸಲಿ ರೋಗ ಅದಲ್ಲ. ಇಂಡಿಕೇಟರ್ ಯಾಕೆ ಉರಿಯುತ್ತಿತ್ತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಹಳೇ ಗಾಡಿಗಳಲ್ಲಿ ಲೈಟಿಗೆ ಹೋಗುವ ವೈರು ಒಂದೇ. ವಾಪಸ್ ಬರುವ ದಾರಿ ಗಾಡಿಯ ಬಾಡಿ, ಇದಕ್ಕೇ ಅರ್ಥಿಂಗ್ ಅನ್ನೋದು. ಲೈಟಿನ ಡಬ್ಬಿಯಿಂದ ಬೋಲ್ಟಿಗೆ, ಬೋಲ್ಟಿನಿಂದ ಬಾಡಿಗೆ, ಅಲ್ಲಿಂದ ಚಾಸಿಗೆ, ಕೊನೆಗೆ ಬ್ಯಾಟರಿಯ ನೆಗೆಟಿವ್‌ಗೆ. ನಮ್ಮ ಜೀಪಿಗೆ ಎರಡು ಸಲ ಪೇಂಟ್ ಆಗಿತ್ತು. ಬೋಲ್ಟಿನ ಕೆಳಗೆ ಪೇಂಟು, ಅದರ ಕೆಳಗೆ ತುಕ್ಕು. ವಾಪಸ್ ದಾರಿ ಮುಚ್ಚಿಹೋಗಿತ್ತು. ಬ್ರೇಕಿನ ಕರೆಂಟು ಸುಮ್ನೆ ಕೂರುತ್ತದೆಯೇ? ಪಕ್ಕದ ಇಂಡಿಕೇಟರ್ ಬಲ್ಬಿನ ಮೂಲಕ ಹಿಮ್ಮುಖವಾಗಿ ಹೊರಟು, ಮುಂದಿನ ಇಂಡಿಕೇಟರ್ ಬಲ್ಬಿಗೆ ಹೋಗಿ, ಅಲ್ಲಿ ಅರ್ಥಿಂಗ್ ಹುಡುಕಿಕೊಳ್ಳುತ್ತಿತ್ತು. ಅದಕ್ಕೇ ಹಿಂದೆ ಮುಂದೆ ಎರಡೂ ಕಡೆ ಮಂದ ಬೆಳಕು.

ಇದನ್ನು ಹಿಡಿಯುವುದಕ್ಕೆ ನನಗೆ ಅರ್ಧ ದಿನ ಬೇಕಾಯಿತು. ಕಾರಣ, ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರಿನ ಬೀಪ್. ಎರಡು ತುದಿಗೂ ಸಂಪರ್ಕ ಇದ್ದರೆ ಅದು ಬೀಪ್ ಅನ್ನುತ್ತದೆ. ಡಬ್ಬಿಗೂ ಚಾಸಿಗೂ ಮಧ್ಯೆ ಇಟ್ಟರೆ ಬೀಪ್ ಅನ್ನುತ್ತಿತ್ತು, ಹಾಗಾಗಿ ಅರ್ಥಿಂಗ್ ಸರಿಯಿದೆ ಅಂದುಕೊಂಡಿದ್ದೆ. ಎರಡು ಓಮ್ ಅಡ್ಡಿ ಇದ್ದರೂ ಮೀಟರ್ ಬೀಪ್ ಅನ್ನುತ್ತದೆ. ಬ್ರೇಕಿನ 21 ವ್ಯಾಟ್ ಬಲ್ಬು ಎಳೆಯುವುದು 1.75 ಆಂಪಿಯರ್. ಅಷ್ಟು ಹರಿಯಬೇಕಾದಾಗ ಆ ಎರಡು ಓಮೇ ಸುಮಾರು ಮೂರು ವೋಲ್ಟ್ ನುಂಗುತ್ತದೆ. ಹಾಗಾಗಿ ಲೈಟು ಉರಿಯುವಾಗಲೇ ಅಳೆಯಬೇಕು. ಮೀಟರಿನ ಕಪ್ಪು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ತುದಿ ಲೈಟಿನ ಡಬ್ಬಿಗೆ. ತಂಗಿ ಮಗನನ್ನು ಕೂರಿಸಿ ಬ್ರೇಕ್ ಒತ್ತಿಸಿದೆ. ಸೊನ್ನೆ ಹತ್ತಿರ ಇರಬೇಕಾದದ್ದು ನಾಲ್ಕು ವೋಲ್ಟ್ ತೋರಿಸಿತು. "ಸಿಕ್ತಾ ಮಾವ?" ಅಂತ ಒಳಗಿಂದಲೇ ಕೂಗಿದ. ಸಿಕ್ಕಿತ್ತು.

ಎರಡನೇ ಭಾನುವಾರ ಬ್ಯಾಟರಿಯ ನೆಗೆಟಿವ್ ಕಳಚಿಟ್ಟು ಹೊಸ ವೈರು ಎಳೆದೆ. ಟೈಲ್, ಬ್ರೇಕ್, ಎಡ, ಬಲ, ಒಂದೊಂದಕ್ಕೂ ಒಂದೊಂದು ಬಣ್ಣ, ಎಲ್ಲ 1 ಚದರ ಮಿಲಿಮೀಟರಿನದು. ನಂಬರ್ ಪ್ಲೇಟಿನ ಬಲ್ಬಿಗೆ ಟೈಲ್ ವೈರಿನಿಂದಲೇ ಕವಲು. ಐದನೆಯದು ಕಪ್ಪು ವೈರು, 2.5 ಚದರ ಮಿಲಿಮೀಟರ್, ಬರೀ ಅರ್ಥಿಂಗಿಗೆ. ಎರಡೂ ಲೈಟಿನ ಡಬ್ಬಿಗಳಿಂದ ಚಾಸಿಯ ಒಂದೇ ಬೋಲ್ಟಿಗೆ ತಂದೆ. ಆ ಜಾಗವನ್ನು ಎಮರಿ ಪೇಪರಿನಲ್ಲಿ ಬೆಳ್ಳಿ ಹಾಗೆ ಹೊಳೆಯುವವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಯಾರಾದರೂ ಒಂದೇ ಒಂದು ಕೆಲಸ ಮಾಡ್ತೀನಿ ಅಂದರೆ ಇದನ್ನೇ ಮಾಡಿ ಅಂತ ಹೇಳ್ತೀನಿ.

ಹೊಸ ವೈರನ್ನು ಒಳಗೆ ತೂರಿಸಲು ಒದ್ದಾಡಬೇಕಿಲ್ಲ. ಹಳೇ ವೈರನ್ನು ಮೊದಲೇ ಎಳೆದು ಬಿಸಾಡಬೇಡಿ ಅಷ್ಟೇ. ಅದರ ತುದಿಗೆ ಹೊಸದನ್ನು ಕಟ್ಟಿ, ಮುಂದಿನಿಂದ ಎಳೆದರೆ ತಾನಾಗೇ ಬರುತ್ತದೆ. ಚಾಸಿಯ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಬುಷ್ ಹಾಕಿದೆ. ಒಂದು ತೂತಿಗೆ ಸರಿಯಾದ ಅಳತೆ ಸಿಗಲಿಲ್ಲ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಸುತ್ತು ಸುತ್ತಿದೆ, ಇನ್ನೂ ಗಟ್ಟಿಯಾಗಿದೆ. ಸೈಲೆನ್ಸರಿನಿಂದ ವೈರು ದೂರ ಇರಲಿ. ಜೋಡಣೆಗೆ ಟೇಪು ಸುತ್ತಬೇಡಿ, ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸಾಲ್ಡರ್ ಮಾಡಿ, ಬಿಸಿ ಮಾಡಿದರೆ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಜೋಡಣೆಯ ಪಕ್ಕದಲ್ಲೇ ಕ್ಲಿಪ್ ಕೊಡಿ. ಅಲ್ಲಾಡಿದರೆ ಸಾಲ್ಡರ್ ಬುಡದಲ್ಲೇ ತುಂಡಾಗುತ್ತದೆ.

ಬಲ್ಬಿನ ವಿಷಯ ಒಂದು. ಟೈಲ್ ಮತ್ತು ಬ್ರೇಕ್ ಎರಡಕ್ಕೂ ಒಂದೇ ಬಲ್ಬು, ಒಳಗೆ 5 ವ್ಯಾಟ್ ಮತ್ತು 21 ವ್ಯಾಟಿನ ಎರಡು ತಂತಿ. ಬದಿಯ ಎರಡು ಮೊಳೆಗಳು ಒಂದೇ ಎತ್ತರದಲ್ಲಿಲ್ಲ, ತಿರುಗು ಮುರುಗು ಕೂರಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ನಮ್ಮ ಬಲಗಡೆಯದನ್ನು ಯಾರೋ ಒತ್ತಾಯ ಮಾಡಿ ಉಲ್ಟಾ ಕೂರಿಸಿದ್ದರು. ರಾತ್ರಿ ಟೈಲ್ ಜೋರಾಗಿ ಉರಿಯುತ್ತಿತ್ತು, ಬ್ರೇಕ್ ಒತ್ತಿದರೆ ಏನೂ ಬದಲಾಗುತ್ತಿರಲಿಲ್ಲ. ಎಲ್‌ಇಡಿ ಹಾಕಿ ಅಂತ ಅಂಗಡಿಯಲ್ಲಿ ಹೇಳಿದರು. ನಾನು ಬೇಡ ಅಂದೆ. ಇಂಡಿಕೇಟರ್ ಮಿನುಗಿಸುವ ಹಳೇ ಫ್ಲ್ಯಾಷರ್‌ಗೆ ಬಲ್ಬು ಎಳೆಯುವಷ್ಟು ಕರೆಂಟು ಬೇಕು, ಎಲ್‌ಇಡಿಗೆ ಅದು ಸರಿಯಾಗಿ ಮಿನುಗುವುದಿಲ್ಲ.

ಸಂಜೆ ಬ್ಯಾಟರಿ ಕೊಟ್ಟು, ಅದೇ ಜಾಗದಲ್ಲಿ ಮತ್ತೆ ಅಳೆದೆ. 0.1 ವೋಲ್ಟ್. ಜೀಪಿನ ಹಿಂಭಾಗ ಗೋಡೌನಿನ ಬಿಳಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಹುಡುಗ ಬ್ರೇಕ್ ಒತ್ತಿದ, ಗೋಡೆ ಇಡೀ ಕೆಂಪಾಯಿತು. ಇಂಡಿಕೇಟರ್ ತಣ್ಣಗೆ ಕತ್ತಲಲ್ಲಿ ಕೂತಿತ್ತು. ಯಾವ ಬಣ್ಣ ಯಾವುದಕ್ಕೆ ಅಂತ ಒಂದು ರಟ್ಟಿನ ಮೇಲೆ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಟಿನ ಕೆಳಗೆ ಅಂಟಿಸಿದ್ದೇನೆ. ಮುಂದಿನ ಇಂಡಿಕೇಟರುಗಳ ಅರ್ಥಿಂಗ್ ಇನ್ನೂ ಬಾಕಿ ಇದೆ. ಮಳೆ ಹಿಡಿಯುವ ಮುಂಚೆ ಅದನ್ನೂ ಮುಗಿಸಬೇಕು.