ಲೆಕ್ಕಕ್ಕೆ ಮೊದಲು ಪ್ರಶ್ನೆ ಕೇಳಲು ಕಲಿಸಿ

ಪರೀಕ್ಷೆಯ ಲೆಕ್ಕದಲ್ಲಿ ಬೇಕಾದ ಅಂಕಿಗಳೆಲ್ಲ ಪ್ರಶ್ನೆಯಲ್ಲೇ ಇರುತ್ತವೆ. ಕಟ್ಟಡ ಕಟ್ಟುವ ಸೈಟಿನಲ್ಲಿ ಅರ್ಧವೂ ಇರುವುದಿಲ್ಲ. ಸೈಟ್ ಕೆಲಸ ಬಿಟ್ಟು ಪಾಠಕ್ಕೆ ಬಂದ ನನಗೆ ಇದೇ ದೊಡ್ಡ ಚಿಂತೆ. ನಮ್ಮ ಸಿವಿಲ್ ಎಂಜಿನಿಯರಿಂಗ್ ಮಕ್ಕಳಿಗೆ ಲೆಕ್ಕ ಬರುತ್ತದೆ, ಏನು ಕೇಳಬೇಕು ಅನ್ನೋದು ಬರುವುದಿಲ್ಲ. ಅದಕ್ಕೇ ನಾನು ಸಮಸ್ಯೆಯನ್ನು ಅರ್ಧಂಬರ್ಧ ಕೊಡುತ್ತೇನೆ. ನೀವೂ ಮಾಡಿ ನೋಡಿ.

ಬಿರುಕು ಬಿಟ್ಟ ಸ್ಲ್ಯಾಬಿನ ಫೋಟೋ ತೋರಿಸಿ. 'ನಿನ್ನೆ ಹಾಕಿದ ಕಾಂಕ್ರೀಟು. ಏನು ಮಾಡ್ತೀರಿ?' ಅಷ್ಟು ಹೇಳಿ ಸುಮ್ಮನಾಗಿ. 'ಸಿಮೆಂಟ್ ಸರಿ ಇಲ್ಲ', 'ಒಡೆದು ಹಾಕೋಣ' ಅನ್ನುತ್ತಾರೆ. ಬೈಯಬೇಡಿ. ಉತ್ತರ ಆಮೇಲೆ, ಮೊದಲು ಪ್ರಶ್ನೆ ಕೇಳಿ ಅನ್ನಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ.

ಬಿರುಕು ಕಂಡಿದ್ದು ಯಾವಾಗ? ಹಾಕಿದ ಎರಡು-ಮೂರು ಗಂಟೆಯಲ್ಲೇ. ಬಿಸಿಲು, ಗಾಳಿ? ಎರಡೂ ಜೋರಾಗಿತ್ತು. ಮೇಲೆ ಏನಾದರೂ ಹೊದಿಸಿದ್ದರಾ? ಇಲ್ಲ. ಈಗ ದಾರಿ ಕಾಣುತ್ತದೆ. ಒಳಗಿಂದ ಮೇಲೆ ಬರುವ ನೀರಿಗಿಂತ ಆವಿಯಾಗಿ ಹೋದದ್ದು ಜಾಸ್ತಿ, ಹಾಗಾಗಿ ಗಟ್ಟಿಯಾಗುವ ಮೊದಲೇ ಮೇಲ್ಭಾಗ ಕುಗ್ಗಿದೆ. ಇಲ್ಲಿಗೇ ಬಿಡಬೇಡಿ. ಬಿರುಕು ಕಂಬಿಗಳ ನೇರಕ್ಕೇ ಓಡಿದ್ದರೆ? ಹಸಿ ಕಾಂಕ್ರೀಟ್ ಕೆಳಗೆ ಕೂರುವಾಗ ಕಂಬಿ ತಡೆದು ಬಿರುಕು ಬಂದಿರಬಹುದು. ಮೊದಲನೆಯದಕ್ಕೆ ಬೇಗ ಹೊದಿಸಿ ಕ್ಯೂರಿಂಗ್ (ಒಣಗದಂತೆ ಹಸಿಯಾಗಿಡುವುದು) ಶುರು ಮಾಡಬೇಕು. ಎರಡನೆಯದಕ್ಕೆ ಮಿಶ್ರಣ, ವೈಬ್ರೇಟರ್ ಬಳಸಿದ ರೀತಿ, ಕಂಬಿಯ ಮೇಲಿನ ಕವರ್ (ಅದನ್ನು ಮುಚ್ಚಿದ ಕಾಂಕ್ರೀಟಿನ ದಪ್ಪ) ನೋಡಬೇಕು. ಯಾವುದು ಅಂತ ತಿಳಿಯಲು ಇನ್ನೇನು ಬೇಕು ಅನ್ನೋದನ್ನು ಅವರೇ ಹೇಳಲಿ. ಈ ತಡಕಾಟಕ್ಕೆ ಒಂದಿಡೀ ಪೀರಿಯಡ್ ಹೋದರೂ ಹೋಗಲಿ, ನಷ್ಟವಿಲ್ಲ.

ಇನ್ನೊಂದು ದಿನ ಬೋರ್ಡಿನಲ್ಲಿ ಒಂದರ ಕೆಳಗೊಂದು ತೂಗುವ ಎರಡು ನಡೆದಾರಿಗಳ (ಜನ ಓಡಾಡುವ ಸೇತುವೆಗಳ) ಎರಡು ಚಿತ್ರ ಬರೆಯಿರಿ. ಒಂದರಲ್ಲಿ ಚಾವಣಿಯಿಂದ ಇಳಿದ ಉದ್ದನೆಯ ರಾಡು ಮೇಲಿನ, ಕೆಳಗಿನ ಎರಡೂ ನಡೆದಾರಿಗಳನ್ನು ಹಿಡಿದಿರಲಿ. ಇನ್ನೊಂದರಲ್ಲಿ ಕೆಳಗಿನದು ಬೇರೆ ರಾಡಿನಿಂದ ಮೇಲಿನದರ ತೊಲೆಗೇ ತೂಗಲಿ. ಎರಡನೆಯದರಲ್ಲಿ ಮೇಲಿನ ತೊಲೆ ಹೊತ್ತ ನಟ್ ಮೇಲೆ ಭಾರ ಎಷ್ಟಾಯ್ತು? ಕೆಳಗಿನದರ ಭಾರವೂ ಸೇರಿ ದುಪ್ಪಟ್ಟು. ಐದು ನಿಮಿಷದ ಲೆಕ್ಕ. ಆಮೇಲೆ ಹೇಳಿ: ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಆದದ್ದು ಮೊದಲ ಚಿತ್ರದಿಂದ ಎರಡನೆಯದಕ್ಕೆ ಇದೇ ಬದಲಾವಣೆ. 1981ರಲ್ಲಿ ನಡೆದಾರಿಗಳು ಕುಸಿದು 114 ಜನ ಸತ್ತರು. ಅಲ್ಲಿ ಮೊದಲಿನ ವಿನ್ಯಾಸವೇ ನಿಯಮ ಕೇಳುವಷ್ಟು ಗಟ್ಟಿಯಿರಲಿಲ್ಲ, ಬದಲಾವಣೆ ಅದನ್ನು ಇನ್ನೂ ಕೆಡಿಸಿತು. ತರಗತಿ ಗಪ್‌ಚಿಪ್ ಆಗುತ್ತದೆ. ಆಗ ಕೇಳಿ: ಕೆಲಸದ ಗಡಿಬಿಡಿಯಲ್ಲಿ ಈ ಬದಲಾವಣೆ ನಿಮ್ಮ ಮೇಜಿಗೆ ಬಂದಿದ್ದರೆ ಯಾರಿಗೆ ಏನಂತ ಬರೆಯುತ್ತಿದ್ದಿರಿ? ನನಗೆ ಲೆಕ್ಕಕ್ಕಿಂತ ಆ ಪತ್ರ ಮುಖ್ಯ.

ಮೂರು-ನಾಲ್ಕು ಜನರ ಗುಂಪು ಸಾಕು. ಅದಕ್ಕಿಂತ ದೊಡ್ಡದಾದರೆ ಒಬ್ಬರು ಮಾಡುತ್ತಾರೆ, ಉಳಿದವರು ನೋಡುತ್ತಾರೆ.

ಕೊನೆಗೆ ಪ್ರತಿ ಗುಂಪಿನಿಂದ ಒಂದೇ ಹಾಳೆ ತೆಗೆದುಕೊಳ್ಳಿ. ಅದರಲ್ಲಿ ಗೊತ್ತಿರುವುದೇನು, ನಾವೇ ಅಂದುಕೊಂಡದ್ದೇನು, ಯಾರನ್ನು ಕೇಳಬೇಕು, ನಾಳೆ ಬೆಳಿಗ್ಗೆಯೊಳಗೆ ಏನು ಮಾಡುತ್ತೇವೆ ಅಂತ ಇರಲಿ. ಅರ್ಧ ಅಂಕವನ್ನು ಕೇಳಿದ ಪ್ರಶ್ನೆಗಳಿಗೇ ಇಡಿ, ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. 'ಅಂದುಕೊಂಡದ್ದು' ಜಾಗ ಖಾಲಿ ಬಿಟ್ಟ ಹಾಳೆಗೆ ಅಂಕ ಹಾಕದೆ ವಾಪಸ್ ಕೊಟ್ಟುಬಿಡಿ.