ತೋಟ ಅಡ ಇಡದೆ ಮಗಳ ಇಂಜಿನಿಯರಿಂಗ್ ಮುಗಿಸಿದ್ದು

"ಸ್ಕಾಲರ್‌ಶಿಪ್ಪು ಗಿಲರ್‌ಶಿಪ್ಪು ನಂಬಿಕೊಂಡು ಕೂತರೆ ಸೀಟು ಕೈ ಬಿಡುತ್ತೆ, ಸುಮ್ಮನೆ ತೋಟ ಅಡ ಇಡು" ಅಂದಿದ್ದರು ನಮ್ಮ ಭಾವ. ಅದು 2021. ಮಗಳಿಗೆ ಸಿಇಟಿಯಲ್ಲಿ ಮೈಸೂರಿನ ಒಂದು ಖಾಸಗಿ ಕಾಲೇಜಲ್ಲಿ ಸರ್ಕಾರಿ ಕೋಟಾ ಸೀಟು ಸಿಕ್ಕಿತ್ತು. ಫೀಸು, ಪಿಜಿ ಬಾಡಿಗೆ, ಊಟ, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ 1.4 ಲಕ್ಷ. ಅವಳ ಓದು ಈಗ ಮುಗಿದಿದೆ. ತಿಪಟೂರಿನ ಹತ್ತಿರದ ಆ ಎರಡು ಎಕರೆ ತೆಂಗು ಇನ್ನೂ ನನ್ನ ಹೆಸರಲ್ಲೇ ಇದೆ. ಭಾವ ಈಗ ತಮ್ಮ ಮಗನ ಫೈಲು ಹಿಡಿದು ನಮ್ಮ ಮನೆಗೇ ಬರುತ್ತಾರೆ.

ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕೋದು ಹೇಗೆ ಅಂತ ಬರೆಯಲ್ಲ, ಅದು ನಿಮಗೆಲ್ಲ ಗೊತ್ತು. ನಾನು ಎಲ್ಲೆಲ್ಲಿ ಮುಗ್ಗರಿಸಿದೆ ಅನ್ನೋದನ್ನಷ್ಟೇ ಹೇಳ್ತೀನಿ.

ಮೊದಲನೆಯದು ಹೆಸರು. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಾತಿ ಆದಾಯ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ನಮ್ಮ ಕಣ್ಣಿಗೆ ಮೂರೂ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂವರು. ಸೈಬರ್ ಸೆಂಟರಿನವನು 300 ರೂಪಾಯಿ ತಗೊಂಡು ಹೇಗೋ ಹಾಕಿದ, ಅರ್ಜಿ ಅಲ್ಲೇ ನಿಂತಿತು. ಅಂಕಪಟ್ಟಿ ಮುಟ್ಟೋಕೆ ಹೋಗಬೇಡಿ, ಅದಕ್ಕೆ ಆಧಾರ್ ಹೊಂದಿಸಿ. ಆಮೇಲೆ ನಾಡಕಚೇರಿಯಲ್ಲಿ ಹೊಸ ಜಾತಿ ಆದಾಯ ಪತ್ರ ಮಾಡಿಸಿ (ಅದರ ಮೇಲಿರೋ ನಂಬರನ್ನೇ ಆರ್‌ಡಿ ನಂಬರ್ ಅನ್ನೋದು), ಅದೂ ಮಗುವಿನ ಹೆಸರಲ್ಲಿ. ನಾನು ಮೊದಲು ನನ್ನ ಹೆಸರಲ್ಲೇ ಮಾಡಿಸಿಕೊಂಡು ಮೂರು ವಾರ ಹಾಳು ಮಾಡಿದೆ.

ಎರಡನೆಯದು ಇನ್ನೂ ಮಜವಾದದ್ದು. ವಿದ್ಯಾಸಿರಿ, ಅಂದರೆ ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ಕೊಡೋ ಊಟ ವಸತಿ ಸಹಾಯಧನ, ಮಂಜೂರಾಯಿತು, ತಿಂಗಳಿಗೆ 1,500ರಂತೆ ಹತ್ತು ತಿಂಗಳದ್ದು, 15,000. ಹಣ ಜಮೆ ಅಂತ ತೋರಿಸ್ತಾ ಇತ್ತು, ಪಾಸ್‌ಬುಕ್ಕಿನಲ್ಲಿ ಮಾತ್ರ ಸೊನ್ನೆ. ಐದಾರು ತಿಂಗಳು ಬ್ಯಾಂಕಿಗೆ ತಿರುಗಿದೆ. ಕೊನೆಗೆ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅನ್ನೋದನ್ನ ತೆಗೆದು ನೋಡಿದರೆ ನಾವು ಕೇಳಿಯೇ ಇರದ ಖಾತೆ! ಪಿಯುಸಿಯಲ್ಲಿದ್ದಾಗ ಮಗಳು ಸಿಮ್ ತಗೊಳ್ಳೋಕೆ ಬೆರಳು ಒತ್ತಿದ್ದಳಲ್ಲ, ಆಗಲೇ ಅಂಗಡಿಯವನು ಅದರ ಜೊತೆಗೊಂದು ಖಾತೆಯನ್ನೂ ತೆರೆದುಬಿಟ್ಟಿದ್ದ. ಅರ್ಜಿಯಲ್ಲಿ ನೀವು ಯಾವ ಖಾತೆ ಬರೆದರೂ ಅಷ್ಟೇ, ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ (ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಅನ್ನೋ ಪಟ್ಟಿ) ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೇ ಡಿಬಿಟಿ, ಅಂದರೆ ಸರ್ಕಾರ ನೇರವಾಗಿ ಹಾಕೋ ಹಣ, ಹೋಗೋದು. ಆ ಸಿಮ್ ಬಿಸಾಡಿ ವರ್ಷವಾಗಿತ್ತು, ಓಟಿಪಿ ಬರೋ ಹಾಗಿಲ್ಲ. ಊರಿನ ಬ್ಯಾಂಕ್ ಮಿತ್ರನ ಮೆಷಿನ್ನಿನಲ್ಲಿ ಮಗಳ ಹೆಬ್ಬೆಟ್ಟು ಒತ್ತಿಸಿ ಎರಡು ಕಂತಲ್ಲಿ ತೆಗೆದೆವು, ಒಂದೇ ಸಲಕ್ಕೆ 10,000 ದಾಟಲ್ಲ. ಆ ಸಂಜೆ ಮನೇಲಿ ಒಬ್ಬಟ್ಟು.

ಸಾಲದ್ದು ಬೇರೆ ರಾಮಾಯಣ. ಮೊದಲ ಬ್ಯಾಂಕಲ್ಲಿ "ಸೈಟಿನ ಪತ್ರ ತನ್ನಿ, ಇಲ್ಲ ಎಲ್‌ಐಸಿ ಬಾಂಡ್ ತನ್ನಿ" ಅಂದರು. 4 ಲಕ್ಷದವರೆಗೆ ಅಡಮಾನವೂ ಬೇಡ, ಮಾರ್ಜಿನ್ ಹಣವೂ (ನಮ್ಮ ಕೈಯಿಂದ ಹಾಕಬೇಕಾದ ಪಾಲು) ಬೇಡ ಅನ್ನೋದು ನನಗೆ ಗೊತ್ತಿತ್ತು. ಅದಕ್ಕೇ ಬೇಕಂತಲೇ 3.8 ಲಕ್ಷ ಕೇಳಿದ್ದೆ, ಲ್ಯಾಪ್‌ಟಾಪ್ ಅದರಲ್ಲೇ ಸೇರಿಸಿ. ಜಗಳ ಆಡಲಿಲ್ಲ. ಓದಿನ ಸಾಲಕ್ಕಿರೋ ವಿದ್ಯಾಲಕ್ಷ್ಮಿ ಪೋರ್ಟಲ್ಲಿನಲ್ಲಿ ಮೂರು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಒತ್ತಿ, ಮೊದಲನೆಯವರಿಗೆ "ಆಗಲ್ಲ ಅನ್ನೋದನ್ನ ಬರೆದುಕೊಡಿ ಸಾರ್" ಅಂತ ಒಂದು ಪತ್ರ ಕೊಟ್ಟೆ. ಆ ಪತ್ರದಲ್ಲಿ ಇನ್ನೂ ಒಂದು ಸಾಲು ಇತ್ತು, ಅದು ನನ್ನಲ್ಲೇ ಇರಲಿ, ಮಗನ ಸರದಿಗೆ ಬೇಕು. ಎರಡನೇ ವಾರಕ್ಕೆ ಎರಡನೇ ಬ್ಯಾಂಕಿನಿಂದ ಮಂಜೂರಾತಿ ಬಂತು.

ಅಲ್ಲೂ ಒಂದು ಪೆಟ್ಟು ತಿಂದೆ. ಆದಾಯ 4.5 ಲಕ್ಷದೊಳಗಿದ್ದರೆ ಓದಿನ ಅವಧಿ ಮತ್ತು ಮೇಲೊಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟೋ ಯೋಜನೆ ಇದೆಯಲ್ಲ, ಅದಕ್ಕೆ ಆದಾಯ ಪತ್ರವನ್ನು ಶಾಖೆಗೆ ನಾವೇ ಕೊಡಬೇಕಿತ್ತು. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ. ಮೊದಲ ವರ್ಷದ ಬಡ್ಡಿ, ಏಳೋ ಎಂಟೋ ಸಾವಿರ, ನನ್ನ ಜೇಬಿಂದಲೇ ಹೋಯಿತು.

ರೈತರ ಮಕ್ಕಳಿಗೆ ರಾಜ್ಯ ಸರ್ಕಾರ ಕೊಡೋ ರೈತ ವಿದ್ಯಾನಿಧಿ ಅದೇ 2021ರಲ್ಲಿ ಶುರುವಾಗಿತ್ತು. ಬಿಇ ಹುಡುಗಿಯರಿಗೆ 11,000. ನನ್ನ ಎಫ್‌ಐಡಿ (ರೈತರ ನೋಂದಣಿ ನಂಬರ್) ಸರಿ ಇದ್ದದ್ದರಿಂದ ಅದಕ್ಕೆ ಹೆಚ್ಚು ಒದ್ದಾಡಲಿಲ್ಲ, ಮೂರು ಸಲ ಬಂತು. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಹುಡುಗಿಯರಿಗೆ ಕೊಡೋ ಪ್ರಗತಿ ಸ್ಕಾಲರ್‌ಶಿಪ್ಪಿಗೂ ಹಾಕಿದ್ದೆವು, ವರ್ಷಕ್ಕೆ 50,000. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಬಂದಿದ್ದರೆ ವಿದ್ಯಾಸಿರಿ ಬಿಡಬೇಕಾಗ್ತಿತ್ತು, ಎರಡೂ ಬಾಯಿಗೆ ಹಾಕ್ಕೊಳ್ಳೋ ಹಾಗಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಟ್ರಸ್ಟು, ಸಮಾಜದ ಸಂಘ ಅಂತ ಹನ್ನೊಂದು ಕಡೆಗೆ ಅಂಕಪಟ್ಟಿ ಸಮೇತ ಪತ್ರ ಬರೆದೆ. ಇಬ್ಬರು ಉತ್ತರ ಕೊಟ್ಟರು. ಒಬ್ಬರು 6,000 ನೇರ ಕಾಲೇಜಿಗೇ ಕಟ್ಟಿದರು, ಪುಣ್ಯಾತ್ಮರು. ಇನ್ನೊಬ್ಬರು ಬೆಂಗಳೂರಿಗೆ ಕರೆಸಿ, ನಾಲ್ಕು ತಾಸು ಭಾಷಣ ಕೇಳಿಸಿ, ಶಾಲು, ಹಾರ, ಫಲತಾಂಬೂಲದ ಜೊತೆ 2,000ದ ಚೆಕ್ಕು ಕೊಟ್ಟರು. ಮನೆಮಂದಿಯೆಲ್ಲ ಹೋಗಿ ಬಂದ ಖರ್ಚೇ 1,100. ಶಾಲು ಚೆನ್ನಾಗಿದೆ, ಅಮ್ಮ ಹೊದೀತಾರೆ.

ಒಟ್ಟು ಲೆಕ್ಕ ನೆನಪಿನಿಂದ ಹೇಳೋದಾದರೆ ಖರ್ಚು 5.6 ಲಕ್ಷ. ಸಾಲ 3.8, ವಿದ್ಯಾಸಿರಿ ನಾಲ್ಕು ವರ್ಷದ್ದು 60,000, ರೈತ ವಿದ್ಯಾನಿಧಿ 33,000, ಪತ್ರ ಬರೆದು ಬಂದದ್ದು 8,000. ಉಳಿದ 79,000 ಕೊಬ್ಬರಿ ಮಾರಿ ಹಾಕಿದೆ. ಕಂತು ಈಗ ಮಗಳೇ ಕಟ್ಟುತ್ತಾಳೆ.

ಮಗ ಈಗ ದ್ವಿತೀಯ ಪಿಯು. ಅವನ ಆಧಾರ್, ಆರ್‌ಡಿ, ಮ್ಯಾಪಿಂಗ್ ಎಲ್ಲ ಹೋದ ಬೇಸಿಗೆಯಲ್ಲೇ ಮುಗಿಸಿಟ್ಟಿದ್ದೇನೆ. ಸಿಮ್ ಬೇಕು ಅಂದ ಮೊನ್ನೆ. ಅಂಗಡಿಗೆ ನಾನೂ ಜೊತೆಗೆ ಹೋದೆ.