ಶಾಲೆಯ ಗ್ಯಾದರಿಂಗಿಗೆ ನಗೆಮನೆ ಕಟ್ಟುವುದು ಹೇಗೆ

ಬಾದಾಮಿ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಬಂತಂದರೆ ಒಂದು ಕ್ಲಾಸ್‌ರೂಮ್ ಖಾಲಿ ಮಾಡಿ ನಗೆಮನೆ ಕಟ್ಟುತ್ತೇವೆ. ಉಬ್ಬು ತಗ್ಗಿನ ಕನ್ನಡಿಗಳ ಮುಂದೆ ಊರಿನವರೆಲ್ಲ ನಿಂತು ನಗುವ ಮನೆ. ಬೇರೆ ಶಾಲೆಯ ಮಾಸ್ತರುಗಳು ಹೇಗೆ ಮಾಡ್ತೀರಿ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕನ್ನಡಿ ಆಮೇಲೆ. ಮೊದಲು ಬೆಂಚು ಎಲ್ಲಿ ಹಾಕಬೇಕು ಅಂತ ನೋಡಿ. ಇದನ್ನು ನಾನು ಕಲಿತದ್ದು ಮುಚ್ಚಿಹೋದ ಹಳೆಯ ನಗೆಮನೆಗಳ ಚರಿತ್ರೆಯಿಂದ. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಜಾರ್ಜ್ ಟಿಲ್ಯು ಎಂಬಾತ 1897ರಲ್ಲಿ ಸ್ಟೀಪಲ್‌ಚೇಸ್ ಪಾರ್ಕ್ ಎಂಬ ಮನರಂಜನೆಯ ತಾಣ ತೆರೆದ. ಅಲ್ಲಿ ಯಂತ್ರದ ಕುದುರೆ ಸವಾರಿ ಮುಗಿಸಿದವರು ಹೊರಗೆ ಹೋಗುವ ದಾರಿ ಹುಡುಕುತ್ತಾ ಒಂದು ರಂಗದ ಮೇಲೆ ಬಂದುಬಿಡುತ್ತಿದ್ದರು. ಕಾಲಡಿಯಿಂದ ಗಾಳಿ ಬುಸ್ ಅಂತ ನುಗ್ಗಿ ಟೊಪ್ಪಿಗೆ ಹಾರಿಸುತ್ತಿತ್ತು. ಎದುರಿಗೆ ಕೂತ ಜನ ಬಿದ್ದು ಬಿದ್ದು ನಗುತ್ತಿದ್ದರು. ಆಮೇಲೆ ಇವರೂ ಆ ಜನರ ಜೊತೆ ಹೋಗಿ ಕೂತು, ಹಿಂದೆ ಬರುವವರನ್ನು ನೋಡಿ ನಗುತ್ತಿದ್ದರು. ಇಡೀ ಪಾರ್ಕಿನ ಜಾಣತನ ಇದ್ದದ್ದು ಆ ಕೂರುವ ಜಾಗದಲ್ಲೇ ಅಂತ ನನಗನಿಸುತ್ತದೆ. ಆ ಗಾಳಿ ಹೆಂಗಸರ ಲಂಗವನ್ನೂ ಎತ್ತುತ್ತಿತ್ತು. ಅದು ನಮಗೆ ಬೇಡವೇ ಬೇಡ. ಬೆಂಚನ್ನಷ್ಟೇ ತೆಗೆದುಕೊಳ್ಳಿ.

ಒಬ್ಬನೇ ನಿಂತು ಕನ್ನಡಿ ನೋಡಿದರೆ ಒಂದು ಸಲ ನಕ್ಕು ಮುಂದೆ ಹೋಗುತ್ತಾನೆ. ನೋಡುವವರಿದ್ದರೆ ಕೈ ಎತ್ತುತ್ತಾನೆ, ಕೂರುತ್ತಾನೆ, ಕುಣಿಯುತ್ತಾನೆ. ಹಾಗಾಗಿ ಕನ್ನಡಿಗಳನ್ನು ಒಂದೇ ಗೋಡೆಗೆ ಸಾಲಾಗಿ ನಿಲ್ಲಿಸಿ. ಹೊರಗೆ ಹೋಗುವ ಬಾಗಿಲ ಹತ್ತಿರ ಎರಡು ಬೆಂಚು ಓರೆಯಾಗಿ ಹಾಕಿ. ಅಲ್ಲಿ ಕೂತವರಿಗೆ ಮನುಷ್ಯನೂ ಕಾಣಬೇಕು, ಅವನ ಬಿಂಬವೂ ಕಾಣಬೇಕು.

ಇನ್ನು ಕನ್ನಡಿ. ಗಾಜು ಬೇಡ. ಅಕ್ರಿಲಿಕ್ ಮಿರರ್ ಶೀಟ್ ಅಂತ ಕೇಳಿ, ನೇಮ್‌ಪ್ಲೇಟ್ ಮಾಡುವವರ ಬಳಿ ಸಿಗುತ್ತದೆ. 2 ಮಿಲಿಮೀಟರ್ ದಪ್ಪ ಸಾಕು, ಕೈಯಿಂದಲೇ ಬಾಗುತ್ತದೆ. ಪ್ಲೈವುಡ್ ಪಟ್ಟಿಗಳನ್ನು ಒಂದೇ ಅಳತೆಗೆ ಬಿಲ್ಲಿನ ಆಕಾರದಲ್ಲಿ ಕೊಯ್ಯಿಸಿ, ಚೌಕಟ್ಟಿಗೆ ಹೊಡೆದು, ಅದರ ಮೇಲೆ ಶೀಟ್ ಕೂರಿಸಿ. ಸ್ಕ್ರೂ ತೂತು ಸ್ವಲ್ಪ ದೊಡ್ಡದಿರಲಿ. ನಮ್ಮ ಬಿಸಿಲಿಗೆ ಅಕ್ರಿಲಿಕ್ ಹಿಗ್ಗುತ್ತದೆ, ಬಿಗಿಯಾಗಿ ಹಾಕಿದರೆ ತೂತಿನಿಂದಲೇ ಸೀಳುತ್ತದೆ. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೊನೆಗೆ ಸುಲಿಯಿರಿ. ಒರೆಸಲು ಸೋಪಿನ ನೀರು, ಮೆತ್ತನೆ ಹತ್ತಿ ಬಟ್ಟೆ. ಥಿನ್ನರ್ ಮುಟ್ಟಿಸಲೇಬೇಡಿ.

ಶೀಟಿನ ಎಡ ಬಲ ಅಂಚು ಹಿಂದಕ್ಕೆ ಬಾಗಿ ನಡು ಉಬ್ಬಿದರೆ ನೀವು ಬಡಕಲಾಗುತ್ತೀರಿ. ಅದೇ ನಡು ತಗ್ಗಿದರೆ, ಹತ್ತಿರ ನಿಂತಾಗ ದಪ್ಪ. ಮೇಲೆ ಕೆಳಗಿನ ಅಂಚು ಹಿಂದಕ್ಕೆ ಬಾಗಿದರೆ ಕುಳ್ಳ. ಮೇಲರ್ಧ ಉಬ್ಬಿ ಕೆಳಗರ್ಧ ತಗ್ಗಿದರೆ ಗಿಡ್ಡ ಮೈಗೆ ಉದ್ದುದ್ದ ಕಾಲು. ನಮ್ಮಲ್ಲಿ ಜಾಸ್ತಿ ಜನ ಸೇರುವುದು ದಪ್ಪ ಮಾಡುವ ಕನ್ನಡಿಯ ಮುಂದೆ. ಗುಳೇದಗುಡ್ಡದ ಖಣದ ಕುಪ್ಪಸ ಹಾಕಿದವರು ನಿಂತರೆ ನೋಡಬೇಕು: ಉಗುರಿನಷ್ಟಿದ್ದ ಹೂವು ಅಂಗೈಯಷ್ಟು ಅಗಲವಾಗುತ್ತದೆ, ಎತ್ತರ ಮಾತ್ರ ಇದ್ದಷ್ಟೇ. ಇಳಕಲ್ ಸೀರೆಯ ಕೆಂಪು ಸೆರಗು ಕನ್ನಡಿಯ ಆ ಅಂಚಿನಿಂದ ಈ ಅಂಚಿಗೆ ಹರಡಿಕೊಳ್ಳುತ್ತದೆ. "ಯಾಕ್ರಿ ಸರ, ನನ್ನ ಹಿಂಗ ಹಿಗ್ಗಿಸಿಟ್ಟೀರಿ!" ಅಂತ ಬೈದವರೇ ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ.

ತಲೆಕೆಳಗೆ ಮಾಡುವ ಕನ್ನಡಿಗೆ ಸ್ವಲ್ಪ ಲೆಕ್ಕ ಬೇಕು. ಹತ್ತನೇ ತರಗತಿ ಮಕ್ಕಳಿಂದಲೇ ಮಾಡಿಸಿ. 6 ಅಡಿ ಎತ್ತರದ ಶೀಟ್ ಮೇಲಿಂದ ಕೆಳಗೆ ಬಾಗಿ ನಡುವೆ ನಾಲ್ಕೂವರೆ ಇಂಚು ತಗ್ಗಿದೆ ಅನ್ನಿ. 72 ಇಂಚನ್ನು 72ರಿಂದ ಗುಣಿಸಿ, ತಗ್ಗಿನ 8 ಪಟ್ಟು, ಅಂದರೆ 36ರಿಂದ ಭಾಗಿಸಿ. 144 ಇಂಚು, 12 ಅಡಿ. ಬಾಗಿನ ತ್ರಿಜ್ಯ ಅದು. 6 ಅಡಿಯೊಳಗೆ ನಿಂತರೆ ಉದ್ದ ಕಾಣುತ್ತೀರಿ. 6ರಿಂದ 12ರವರೆಗೆ ಎಲ್ಲ ಕಲಸಿದಂತೆ ಮಸುಕು. 12 ಅಡಿ ದಾಟಿದರೆ ಕಾಲು ಮೇಲೆ, ತಲೆ ಕೆಳಗೆ! ನೆಲಕ್ಕೆ 6 ಮತ್ತು 12 ಅಡಿಗೆ ಸುಣ್ಣದ ಗೆರೆ ಎಳೆಯಿರಿ. ಪಾಠದಲ್ಲಿ ಬಾಯಿಪಾಠ ಮಾಡಿದ ನಿಮ್ನ ದರ್ಪಣ ಮಕ್ಕಳಿಗೆ ಆ ಗೆರೆ ದಾಟುವಾಗ ಅರ್ಥವಾಗುತ್ತದೆ.

ತಗ್ಗು ಕನ್ನಡಿಯನ್ನು ಯಾವತ್ತೂ ಬಿಸಿಲಿಗೆ ಇಡಬೇಡಿ. ಬಿಸಿಲನ್ನು ಒಂದು ಗೆರೆಗೆ ಕೂಡಿಸಿ ಬಟ್ಟೆ, ಕಾಗದ ಸುಡಬಲ್ಲದು. ಬಾಗಿಲು ಎರಡಿರಲೇಬೇಕು, ಒಳಗೆ ಬರಲು ಒಂದು, ಹೋಗಲು ಒಂದು. ದೀಪ, ಮೇಣದಬತ್ತಿ ಬೇಡ, ಎಲ್‌ಇಡಿ ಸಾಕು. ಸ್ಟೀಪಲ್‌ಚೇಸ್ 1907ರಲ್ಲಿ ಸುಟ್ಟುಹೋಗಿತ್ತು. ಟಿಲ್ಯು ಮಾರನೆಯ ದಿನವೇ ಬೋರ್ಡ್ ಹಾಕಿ, ಸುಟ್ಟ ಅವಶೇಷ ನೋಡಲು 10 ಸೆಂಟ್ ಅಂದ. ಎಂಥಾ ಎದೆ ಅಲ್ವಾ! ಮತ್ತೆ ಕಟ್ಟಿದ ಪಾರ್ಕ್ 1964ರವರೆಗೆ ನಡೆಯಿತು. ಆಮೇಲೆ ಜಾಗ ಮಾರಾಟವಾಗಿ, ಕಟ್ಟಡ ಕೆಡವಿದರು.

ಇನ್ನೊಂದು ವಿಷಯ, ದನಿ. ಸ್ಯಾನ್‌ಫ್ರಾನ್ಸಿಸ್ಕೋದ ಸಮುದ್ರದ ದಂಡೆಯಲ್ಲಿ ಪ್ಲೇಲ್ಯಾಂಡ್ ಅಂತ ಇನ್ನೊಂದು ಪಾರ್ಕ್ ಇತ್ತು. ಅದರ ಫನ್ ಹೌಸಿನಲ್ಲಿ ಆಳೆತ್ತರಕ್ಕಿಂತ ದೊಡ್ಡ ಗೊಂಬೆ, ಲಾಫಿಂಗ್ ಸಾಲ್, ಮೈ ಬಗ್ಗಿಸಿ ಬಗ್ಗಿಸಿ ನಗುತ್ತಿತ್ತು. ನಗು ಬರುತ್ತಿದ್ದದ್ದು ಒಳಗಿನ ಗ್ರಾಮಫೋನ್ ರೆಕಾರ್ಡಿನಿಂದ. ಪಾರ್ಕ್ 1972ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಮನೆಗಳೆದ್ದವು. ಗೊಂಬೆ ಮಾತ್ರ ಅದೇ ಊರಿನ ಹಳೆ ಯಂತ್ರಗಳ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ನಾಣ್ಯ ಹಾಕಿದರೆ ನಗುತ್ತದೆ.

ನಮ್ಮ ಬಾಗಿಲಲ್ಲಿ ಗೊಂಬೆ ಇಲ್ಲ, ನಗು ಇದೆ. ಬಿಸಿಯೂಟದ ಅಡುಗೆ ಮಾಡುವ ಆಯಿಯದು. ಸುಮ್ನೆ ನಗ್ರಿ ಅಂದರೆ ಯಾರಿಗೂ ನಗು ಬರುವುದಿಲ್ಲ. ಅವರನ್ನು ಕನ್ನಡಿ ಮುಂದೆ ನಿಲ್ಲಿಸಿ, ಪಕ್ಕದಲ್ಲಿ ಗೆಳತಿಯರನ್ನು ಬಿಟ್ಟು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮೊದಲೇ ಅವರ ಒಪ್ಪಿಗೆ ಕೇಳಿ. ಕಿಟಕಿಯಲ್ಲಿ ಸ್ಪೀಕರ್ ಇಟ್ಟು ಅದನ್ನು ಬಿಡಿ. ಬೋರ್ಡಿಗಿಂತ ಬೇಗ ಜನ ಬರುತ್ತಾರೆ.

ಮುಗಿದ ಮೇಲೆ ಶೀಟ್ ಬಿಚ್ಚಿ, ನಡುವೆ ಹಳೆ ಧೋತರ ಹಾಸಿ, ಸಪಾಟಾಗಿ ಮಲಗಿಸಿಡಿ. ಪ್ಲೈವುಡ್ ಪಟ್ಟಿಗಳ ಮೇಲೆ ಯಾವ ಕನ್ನಡಿಯದು ಅಂತ ಬಣ್ಣದಲ್ಲಿ ಬರೆಯಿರಿ. ಪಕ್ಕದೂರಿನ ಶಾಲೆಯವರು ಕೇಳಿದರೆ ಪಟ್ಟಿ, ಶೀಟ್ ಎರಡನ್ನೂ ಜೊತೆಗೇ ಕೊಡಿ.